ತೂಕ, ಉದ್ದ, ತಲೆಯ ಸುತ್ತಳತೆ

ಪುಟ್ಟೀ,

ಗೈನಿಕ್ ಸೀಟು ಬಿಟ್ಟು ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಗೆ ಹೊರಟಿದ್ದೀಯಂತೆ. "ನಾಡಿ ಹಿಡಿಯದ ಡಾಕ್ಟರು ಎಂಥ ಡಾಕ್ಟರು ಭಾವ?" ಅಂತ ನಿನ್ನಮ್ಮ ಫೋನಿನಲ್ಲಿ ಅಲವತ್ತುಕೊಂಡಳು. ಅವಳಿಗೆ ನಮ್ಮ ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯ ಕಥೆ ಹೇಳಿದೆ. ನೀನು ಹುಟ್ಟಿದ್ದೂ ಅಲ್ಲೇ, ಆದ್ದರಿಂದ ನೀನೂ ಕೇಳು.

ಆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 1934ರಿಂದಲೂ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಗರ್ಭದಲ್ಲಿ ಸೊರಗಿದ ಮಗುವಿಗೆ ಮುಂದೆ ಹೃದ್ರೋಗದ ಭಯ ಹೆಚ್ಚು ಎಂದು ಡೇವಿಡ್ ಬಾರ್ಕರ್ ಇಂಗ್ಲೆಂಡಿನ ಹಳೆಯ ದಾಖಲೆಗಳಿಂದ ತೋರಿಸಿದ್ದರು. ಅದು ಇಲ್ಲೂ ನಿಜವೇ ಎಂದು ನೋಡಲು ತೊಂಬತ್ತರ ದಶಕದಲ್ಲಿ ಸೌತಾಂಪ್ಟನ್ನಿನ ಕ್ಯಾರೊಲೈನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ಪುಸ್ತಕಗಳನ್ನು ತೆರೆದರು. ಅಲ್ಲಿ ಹುಟ್ಟಿದವರನ್ನು ಮನೆಮನೆ ಸುತ್ತಿ ಹುಡುಕಿ, 517 ಮಂದಿಯನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೊ ಮೀರದವರಲ್ಲಿ ಶೇ. 11 ಮಂದಿಗೆ ಹೃದ್ರೋಗ; 3.1 ಕಿಲೊ ಮುಟ್ಟಿದವರಲ್ಲಿ ಶೇ. 3. ಇದು 1996ರ ಲ್ಯಾನ್ಸೆಟ್‌ನಲ್ಲಿ ಬಂತು.

ನನಗೆ ಇದಕ್ಕಿಂತ ರುಚಿಸಿದ್ದು ಮುಂದಿನದು. ಸಕ್ಕರೆ ಕಾಯಿಲೆಯ ಲೆಕ್ಕ ಹಾಕಿದಾಗ ಇಂಗ್ಲೆಂಡಿನ ಪಾಠ ಕೈಕೊಟ್ಟಿತು. ಇಲ್ಲಿ ಕಾಯಿಲೆ ಹೆಚ್ಚು ಕಂಡದ್ದು ಗಿಡ್ಡಗೆ, ಗುಂಡುಗುಂಡಗೆ ಹುಟ್ಟಿದವರಲ್ಲಿ, ಮೈತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಬಸಿರಿನಲ್ಲಿ ತಾಯಿಗೇ ಸಕ್ಕರೆ ಏರಿತ್ತೇ? ಹಳೆಯ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹೊಂದದ ಅಂಕಿಯನ್ನು ಮೂಲೆಗೆ ತಳ್ಳಿ ಸುಮ್ಮನಾಗುವ ಜಾಣರು ನಮ್ಮ ಕಸುಬಿನಲ್ಲಿ ಬೇಕಾದಷ್ಟು ಇದ್ದಾರೆ. ಇವರು ಹಾಗೆ ಮಾಡಲಿಲ್ಲ. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದರು. ಅದಕ್ಕೆ ಪಾರ್ಥೆನಾನ್ ಅಧ್ಯಯನ ಎಂದು ಹೆಸರು. ಸುಮಾರು ಶೇ. 6 ತಾಯಂದಿರಿಗೆ ಗರ್ಭಿಣಿಯರ ಮಧುಮೇಹವಿತ್ತು. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು ಹೆಚ್ಚಿದ್ದುದು ಕಂಡಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ತಂಡ ಆ ಮಕ್ಕಳು ಬೆಳೆದು ದೊಡ್ಡವರಾಗುವ ತನಕ ಬೆನ್ನು ಬಿಡಲಿಲ್ಲ. ಅವರ ಲೇಖನಗಳನ್ನು ಹುಡುಕಿ ಓದು.

ಬೆನ್ನು ಬಿಡದಿರುವುದು ಸುಲಭವಲ್ಲ ಕಣೇ. ನಿನ್ನ ಪಟ್ಟಿಯಲ್ಲಿರುವ ಬಸುರಿ ಏಳನೇ ತಿಂಗಳಿಗೆ ಸೀಮಂತ ಮಾಡಿಸಿಕೊಂಡು ತವರಿಗೆ ಹೋಗುತ್ತಾಳೆ. ಹೆರಿಗೆ ಅಲ್ಲೇ. ಮಗುವಿನ ತೂಕ ಯಾರು ನೋಡಿದರು? ಹೀಗೆ ಕೈತಪ್ಪಿದವರನ್ನು ಬಿಟ್ಟು ಲೆಕ್ಕ ಹಾಕಿದರೆ, ತವರಿಗೆ ಹೋಗಲಾಗದ ಬಡವರ ಲೆಕ್ಕವಷ್ಟೇ ಕೈಗೆ ಸಿಕ್ಕೀತು. ಆದ್ದರಿಂದ ಮೊದಲ ಭೇಟಿಯಲ್ಲೇ ತವರಿನ ವಿಳಾಸ ಬರೆದುಕೋ. ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡು. ಯಾವ ಮನೆಯ ಸೊಸೆ ಯಾವ ಊರಿನವಳು ಎಂಬುದು ಆಕೆಗೆ ಬಾಯಿಪಾಠ.

ಇನ್ನೊಂದು. "ಎಷ್ಟು ಮಕ್ಕಳಮ್ಮ?" ಎಂದರೆ ತಾಯಿ ಬದುಕಿರುವವರನ್ನಷ್ಟೇ ಎಣಿಸುತ್ತಾಳೆ. ಹುಟ್ಟಿ ಒಂದು ಸಲ ಅತ್ತು ಹೋದ ಕೂಸು ಅವಳ ಬಾಯಿಗೆ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು, ಅತ್ತೆ ಎದುರಿಗಿಲ್ಲದ ಹೊತ್ತು ನೋಡಿ, ಮೆಲ್ಲಗೆ. ದುಭಾಷಿಯನ್ನು ಇಟ್ಟುಕೊಂಡು ಕೇಳುವ ಪ್ರಶ್ನೆ ಅದಲ್ಲ. ಮೊದಲ ಆರು ತಿಂಗಳಲ್ಲೇ ಅಷ್ಟು ತಮಿಳು ಕಲಿತುಬಿಡು.

ಇಂತು,
ನಿನ್ನ ದೊಡ್ಡಪ್ಪ