ಪುಕ್ಕಟೆ ಊಟದ ಲೆಕ್ಕ

ಬಂದ ಗಿರಾಕಿ ಮತ್ತೆ ಬರಬೇಕೆಂಬುದು ಪ್ರತಿಯೊಬ್ಬ ವ್ಯಾಪಾರಿಯ ಹಂಬಲ. ಬಟ್ಟೆ ಅಂಗಡಿಯವನು ದೀಪಾವಳಿಗೆ ಕ್ಯಾಲೆಂಡರು ಕೊಡುತ್ತಾನೆ; ಕಿರಾಣಿಯವನು ಮಗುವಿನ ಕೈಗೆ ಪೆಪ್ಪರಮಿಂಟು ಇಡುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅಮೇರಿಕದ ಜೂಜುಕಟ್ಟೆಗಳು, ಅಂದರೆ ಕ್ಯಾಸಿನೊಗಳು, ಇದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿವೆ. ಲೆಡ್ಜರು ಬರೆದು ಹೊಟ್ಟೆ ಹೊರೆಯುವ ನಮಗೆ ಆ ಶಾಸ್ತ್ರ ತಿಳಿಯುವುದು ಕಷ್ಟವಲ್ಲ. ಆದುದರಿಂದ ಈ ಸಲ ಅದನ್ನೇ ಪಾಠಕ್ಕೆ ತೆಗೆದುಕೊಂಡಿದ್ದೇವೆ.

ಮೊದಲು ಆಟದ ಲೆಕ್ಕ. ಶಕುನಿಗೆ ಕಪಟದ ದಾಳ ಬೇಕಾಯಿತು. ಕ್ಯಾಸಿನೊಗೆ ಅಂಕಗಣಿತವೇ ಸಾಕು. ರೂಲೆಟ್ ಎಂಬ ತಿರುಗುವ ಚಕ್ರವನ್ನು ನೋಡೋಣ. ಅಮೇರಿಕದ ಚಕ್ರದಲ್ಲಿ 38 ಮನೆಗಳು: ಕೆಂಪು 18, ಕಪ್ಪು 18, ಹಸಿರು ಸೊನ್ನೆಯವು 2. ಕೆಂಪಿನ ಮೇಲೆ ಕಟ್ಟಿ ಗೆದ್ದರೆ ಕಟ್ಟಿದಷ್ಟೇ ಲಾಭ. ಪ್ರತಿ ಸಲ 10 ಡಾಲರಿನಂತೆ 38 ಸಲ ಆಡಿದರೆ ಕಟ್ಟಿದ್ದು 380. ಸರಾಸರಿ 18 ಸಲ ಗೆಲುವು; ಕೈಗೆ ಮರಳುವುದು 360. ಉಳಿದ 20 ಡಾಲರು ಮನೆಯ ಪಾಲು, ಅಂದರೆ ನೂರಕ್ಕೆ ಸುಮಾರು 5.26. ಒಂದು ದಿನ ಒಬ್ಬನು ಗೆಲ್ಲಬಹುದು. ಆದರೆ ಸಾವಿರ ಜನ ಸಾವಿರ ದಿನ ಆಡಿದರೆ ಈ ಲೆಕ್ಕ ತಪ್ಪುವುದಿಲ್ಲ.

ಇನ್ನು ಗಿರಾಕಿಯ ಖಾತೆ. ಹಿಂದೆ ದೊಡ್ಡ ಆಟಗಾರರನ್ನು ಮಾತ್ರ ಮೇಜಿನ ಮೇಲ್ವಿಚಾರಕರು ಗುರುತಿಟ್ಟು ಉಪಚರಿಸುತ್ತಿದ್ದರು. 1980ರ ದಶಕದಲ್ಲಿ ಯಂತ್ರದೊಳಗೆ ತೂರಿಸುವ ಕಾರ್ಡು ಬಂದಿತು. ಅಂದಿನಿಂದ ಚಿಲ್ಲರೆ ಹಾಕಿ ಆಡುವವನಿಗೂ ಒಂದು ಖಾತೆ ತೆರೆಯಿತು. ಎಷ್ಟು ಕಟ್ಟಿದ, ಎಷ್ಟು ಹೊತ್ತು ಕುಳಿತ, ಎಲ್ಲವೂ ದಾಖಲು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಖಾತೆಯಲ್ಲಿ ಮುಖ್ಯವಾಗಿ ನೋಡುವುದು ಆತ ಅಂದು ಕಳೆದುಕೊಂಡ ಹಣವನ್ನಲ್ಲ. ಆತ ಕಳೆದುಕೊಳ್ಳಲೇಬೇಕಾದ ಹಣವನ್ನು. ಗಂಟೆಗೆ 40 ಸಲ, 10 ಡಾಲರಿನಂತೆ 4 ಗಂಟೆ ಆಡಿದವನು ಒಟ್ಟು 1,600 ಡಾಲರು ಕಟ್ಟಿದಂತಾಯಿತು. ಅವನ ಹೆಸರಿಗೆ ಬರೆಯುವ ನಷ್ಟ ಸುಮಾರು 84 ಡಾಲರು. ಅದರ ಕಾಲುಭಾಗವನ್ನು ಮರಳಿಸುತ್ತಾರೆಂದು ಇಟ್ಟುಕೊಳ್ಳೋಣ. 21 ಡಾಲರಿನ ಊಟ ಪುಕ್ಕಟೆ! ಆಟಗಾರನು ಯಜಮಾನನ ಔದಾರ್ಯವನ್ನು ಹೊಗಳುತ್ತಾ ಉಣ್ಣುತ್ತಾನೆ. ಉಂಡದ್ದು ತನ್ನದೇ ಹಣ. ಉಳಿದ 63 ಡಾಲರು ಮನೆಯ ಜಮೆ.

ಈ ವಿದ್ಯೆಯಲ್ಲಿ ಹೆಸರಾದದ್ದು ಹ್ಯಾರಾಸ್ ಕಂಪನಿ. 1937ರಲ್ಲಿ ನೆವಾಡದ ರೀನೊ ಪಟ್ಟಣದಲ್ಲಿ ವಿಲಿಯಂ ಹ್ಯಾರಾ ತೆರೆದ ಸಣ್ಣ ಬಿಂಗೊ ಅಂಗಡಿ ಅದರ ಮೂಲ. 1997ರಲ್ಲಿ ಕಂಪನಿಯು ತನ್ನ ಎಲ್ಲ ಊರುಗಳ ಕ್ಯಾಸಿನೊಗಳಿಗೂ ಒಂದೇ ಕಾರ್ಡನ್ನು ತಂದಿತು. ಮರುವರ್ಷ ಹಾರ್ವರ್ಡಿನ ಪ್ರಾಧ್ಯಾಪಕ ಗ್ಯಾರಿ ಲವ್‌ಮನ್ ಅಲ್ಲಿಗೆ ಆಡಳಿತಕ್ಕೆ ಬಂದರು. ಖಾತೆಗಳನ್ನು ಶೋಧಿಸಿ ಅವರು ಕಂಡದ್ದನ್ನು 2003ರಲ್ಲಿ ಲೇಖನವಾಗಿ ಪ್ರಕಟಿಸಿದರು: ನೂರಕ್ಕೆ 26 ಮಂದಿ ಗಿರಾಕಿಗಳಿಂದಲೇ ನೂರಕ್ಕೆ 82ರಷ್ಟು ಆದಾಯ. ಆ 26 ಮಂದಿ ಕೋಟ್ಯಧೀಶರೇ? ಅಲ್ಲ. ನಡುವಯಸ್ಸು ದಾಟಿದವರು, ಹಿಂದೆ ಉಪಾಧ್ಯಾಯರೋ ಬ್ಯಾಂಕಿನವರೋ ವೈದ್ಯರೋ ಯಂತ್ರದ ಕೆಲಸಗಾರರೋ ಆಗಿದ್ದವರು. ಬಿಡುವಿನ ಸಂಜೆಗೆ ಯಂತ್ರದ ಮುಂದೆ ಕೂರುವವರು.

ಇಂಥವರನ್ನು ಹಿಡಿದಿಡಲು ಚಿನ್ನ, ಪ್ಲಾಟಿನಂ, ವಜ್ರ ಎಂಬ ದರ್ಜೆಗಳು ಹುಟ್ಟಿದವು. ಮೇಲಿನ ದರ್ಜೆಯವರಿಗೆ ಸಾಲು ಚಿಕ್ಕದು. ಅದು ಉಳಿದವರ ಕಣ್ಣಿಗೆ ಕಾಣುವಂತೆಯೇ ಏರ್ಪಾಡು. ನಿಂತು ನೋಡಿದವನಿಗೆ ತಾನೂ ಅಲ್ಲಿಗೆ ಏರಬೇಕೆಂಬ ಆಸೆ. ಏರಲು ಇನ್ನಷ್ಟು ಆಡಬೇಕು. ಹೀಗೆ ಮರ್ಯಾದೆಯೂ ಮಾರಾಟದ ಸರಕಾಯಿತು.

ಖಾತೆಯ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ. 2005ರಲ್ಲಿ ಹ್ಯಾರಾಸ್ ಕಂಪನಿ ಸೀಸರ್ಸ್ ಕಂಪನಿಯನ್ನು ಕೊಂಡು, ಮುಂದೆ ಅದೇ ಹೆಸರನ್ನು ಇಟ್ಟುಕೊಂಡಿತು. 2015ರಲ್ಲಿ ಅದರ ದೊಡ್ಡ ಶಾಖೆ ಸಾಲದ ಭಾರದಿಂದ ದಿವಾಳಿ ಅರ್ಜಿ ಹಾಕಿದಾಗ, ಸುಮಾರು ನಾಲ್ಕೂವರೆ ಕೋಟಿ ಗಿರಾಕಿಗಳ ಈ ದಾಖಲೆಗೆ ಸಾಲಗಾರರ ಕಡೆಯವರು ನೂರು ಕೋಟಿ ಡಾಲರಿನಷ್ಟು ಬೆಲೆ ಕಟ್ಟಿದರು. ಆಟಗಾರನ ಜೇಬಿನ ಕಾರ್ಡಿಗಿಂತ ಆ ಕಾರ್ಡು ಬರೆದಿಟ್ಟ ಪುಸ್ತಕ ಅಷ್ಟು ತೂಕದ ಆಸ್ತಿ.

ಇದೆಲ್ಲ ದೂರದ ಮಾತೆನ್ನುವಂತಿಲ್ಲ. ಗೋವಾದಲ್ಲಿ 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಲ್ಲಿ ಜೂಜುಯಂತ್ರಗಳಿಗೂ, 1996ರದರಿಂದ ಹಡಗುಗಳಲ್ಲಿ ಆಟಕ್ಕೂ ಕಾನೂನಿನ ಅನುಮತಿ ದೊರೆಯಿತು. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಪಣಜಿಯಲ್ಲಿ ಮಾಂಡವಿ. ಕ್ಯಾಸಿನೊ ಹಡಗುಗಳು ನಿಂತಿರುವುದು ಅದರ ಮೇಲೆಯೇ. ಮುಂಬಯಿಯಿಂದ ಒಂದು ರಾತ್ರಿಯ ಪ್ರಯಾಣ.

ಅಂಗಡಿಯ ಕಾರ್ಡಿರಲಿ, ಆಟದ ಕಾರ್ಡಿರಲಿ, ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಈ ಉಡುಗೊರೆ ಯಾರ ಹಣದಿಂದ ಬರುತ್ತಿದೆ? ಇದು ಇಲ್ಲದಿದ್ದರೆ ನಾವು ಇಷ್ಟು ಖರ್ಚು ಮಾಡುತ್ತಿದ್ದೆವೆ? ಅಂಗಡಿಯಲ್ಲಿ ಕೊಟ್ಟ ಹಣಕ್ಕೆ ಬಟ್ಟೆಯೋ ಬೇಳೆಯೋ ಮನೆಗೆ ಬರುತ್ತದೆ. ಜೂಜಿನ ಮೇಜಿನಲ್ಲಿ ಕೊಟ್ಟದ್ದಕ್ಕೆ ಕೂತ ಹೊತ್ತಷ್ಟೇ ಪ್ರತಿಫಲ. ಊರಿಗೆ ಹಣ ಕಳುಹಿಸಬೇಕಾದ ನಮ್ಮ ಪಗಾರದಲ್ಲಿ ಆ ಬಾಬತ್ತಿಗೆ ಕಾಲಮು ಇಲ್ಲ.