ಸಹಿ ಹಾಕದಿರುವ ಸ್ವಾತಂತ್ರ್ಯ

ಪ್ರೀತಿಯ ಮಗಳೇ,

ನಿನ್ನ ಪತ್ರ ಕೈಸೇರಿತು. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಿನಗೆ ಇಂಥ ಇಕ್ಕಟ್ಟು ಬಂದಿದ್ದು ಓದಿ ಸಂಕಟವಾಯಿತು. ಒಂದು ಲಾಟಿನ ವಾಲ್ವ್‌ಗಳಲ್ಲಿ ಕೆಲವನ್ನಷ್ಟೇ ಒತ್ತಡ ಪರೀಕ್ಷೆಗೆ ಹಾಕಿ, ಎಲ್ಲವನ್ನೂ ಪರೀಕ್ಷಿಸಿದ್ದೇವೆ ಎಂಬ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕು ಅನ್ನುತ್ತಿದ್ದಾರೆ. "ಎಲ್ಲರೂ ಹಾಕ್ತಾರಮ್ಮ, ನಿನ್ನ ಒಂದು ಸಹಿಗೆ ಲೋಕ ಮುಳುಗಲ್ಲ" ಅಂದ ಮಾತು ನಿನ್ನನ್ನು ಕೊರೆಯುತ್ತಿದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೀಯ: ದೇವರು ಒಳ್ಳೆಯವರೇ ಆಗಿದ್ದರೆ ಕೆಟ್ಟದ್ದನ್ನು ಮಾಡುವ ಸ್ವಾತಂತ್ರ್ಯವನ್ನು ಮನುಷ್ಯನಿಗೆ ಯಾಕೆ ಕೊಟ್ಟರು? ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತೇನೆ. ಒಂದು ಬಿಟ್ಟು ಇನ್ನೊಂದಕ್ಕೆ ಉತ್ತರ ಹೇಳಲು ನನಗೆ ಬರುವುದಿಲ್ಲ.

ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ಒಂದು ಮರದ ಹಣ್ಣು ತಿನ್ನಬೇಡ ಎಂದು ಆಜ್ಞೆ ಕೊಟ್ಟರು, ಆದರೆ ಆ ಮರದ ಸುತ್ತ ಬೇಲಿ ಹಾಕಲಿಲ್ಲ. ಯೇಸುಸ್ವಾಮಿ ಹೇಳಿದ ದುಂದುಗಾರ ಮಗನ ಸಾಮತಿಯಲ್ಲಿ ಕಿರಿಯ ಮಗ ಪಾಲು ಕೇಳಿದಾಗ ತಂದೆ ಆಸ್ತಿ ಹಂಚಿಕೊಟ್ಟ, ಬಾಗಿಲಿಗೆ ಅಗುಳಿ ಹಾಕಲಿಲ್ಲ. ಮಗ ಹಾಳಾಗಬಹುದು ಎಂದು ಆ ತಂದೆಗೆ ಗೊತ್ತಿರಲಿಲ್ಲವೇ? ಕಟ್ಟಿಹಾಕಿದ್ದರೆ ಮಗ ಮನೆಯಲ್ಲೇ ಉಳಿಯುತ್ತಿದ್ದ, ಆಳಿನಂತೆ ಹೇಳಿದ್ದು ಕೇಳುತ್ತಿದ್ದ. ಪ್ರೀತಿಯನ್ನು ಮಾತ್ರ ಹಾಗೆ ವಸೂಲು ಮಾಡಲಾಗದು. ನಮ್ಮನ್ನು ಮಕ್ಕಳಾಗಿಸಿಕೊಳ್ಳಲು ಬಯಸಿದ ದೇವರು, ನಾವು ಬೇಡ ಅಂದರೆ ಆಗುವ ನೋವನ್ನೂ ತಮ್ಮ ಮೇಲೆ ಹಾಕಿಕೊಂಡರು. ಆ ನೋವು ಎಷ್ಟು ದೂರ ಹೋಯಿತು ಎಂಬುದನ್ನು ಶಿಲುಬೆಯಲ್ಲಿ ನೋಡು.

ಹಾಗಾದರೆ ಕೆಡುಕು ಎಲ್ಲಿಂದ ಬಂತು? ಉತ್ತರ ಆಫ್ರಿಕಾದ ಥಗಾಸ್ತೆಯಲ್ಲಿ 354ರಲ್ಲಿ ಹುಟ್ಟಿದ ಸಂತ ಅಗಸ್ಟೀನರು ಈ ಪ್ರಶ್ನೆಯ ಬೆನ್ನು ಹತ್ತಿ ಯೌವನವನ್ನೇ ಕಳೆದರು. ಹದಿನಾರರ ವಯಸ್ಸಿನಲ್ಲಿ ಗೆಳೆಯರೊಂದಿಗೆ ಪಕ್ಕದ ತೋಟದ ಪೇರು ಹಣ್ಣು ಕದ್ದದ್ದನ್ನು ಅವರು ಬರೆದಿಟ್ಟಿದ್ದಾರೆ. ಹಸಿವಿರಲಿಲ್ಲ. ಹಣ್ಣೂ ಅಂಥ ರುಚಿಯದಲ್ಲ. ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಒಳಿತಿಗೆ ಎದುರಾಗಿ ನಿಂತ ಇನ್ನೊಂದು ಶಕ್ತಿ ಕೆಡುಕು ಎಂದು ಹೇಳುತ್ತಿದ್ದ ಮಾನಿ ಪಂಥದಲ್ಲಿ ಹಲವು ವರ್ಷ ಇದ್ದು ಹೊರಬಂದ ಮೇಲೆ, ಕೆಡುಕಿಗೆ ಸ್ವಂತ ಬೇರಿಲ್ಲ, ಇರಬೇಕಾದ ಒಳಿತು ಇಲ್ಲವಾಗುವುದೇ ಕೆಡುಕು ಎಂಬ ತಿಳಿವಿಗೆ ಬಂದರು.

ಇದು ಪುಸ್ತಕದ ಮಾತು ಅನ್ನಿಸಿದರೆ ನಿನ್ನ ಮೇಜಿನ ಮೇಲಿರುವ ರಿಪೋರ್ಟನ್ನೇ ನೋಡು. ಆ ಸುಳ್ಳು ಕಾಗದಕ್ಕೆ ಬೆಲೆ ಬಂದದ್ದು ಎಲ್ಲಿಂದ? ನಿನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತು, ಒಂದೊಂದೇ ವಾಲ್ವನ್ನು ಪರೀಕ್ಷೆಗೆ ಹಾಕಿ ನಿಜ ಬರೆದವರಿಂದ. ಅವರು ಕಟ್ಟಿದ ನಂಬಿಕೆಯನ್ನು ಈ ಸುಳ್ಳು ತಿನ್ನುತ್ತದೆ. ಅದಕ್ಕೆ ನಿನ್ನ ಕೈ ಬೇಕು, ನಿನ್ನ ಹೆಸರು ಬೇಕು. ನೀನು ಎರವಲು ಕೊಡದ ಹೊರತು ಅದು ಮುಂದಿನ ಮೇಜಿಗೆ ಹೋಗಲಾರದು.

ಇಲ್ಲಿ ನಿನಗೆ ಒಬ್ಬ ರೈತನ ಕಥೆ ಹೇಳಬೇಕು. ಫ್ರಾನ್ಜ್ ಯೇಗರ್‌ಸ್ಟೆಟರ್ 1907ರಲ್ಲಿ ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಹುಟ್ಟು ಸಂತರೇನಲ್ಲ, ಹರೆಯದಲ್ಲಿ ಹುಡುಗಾಟ, ಜಗಳ ಎಲ್ಲವೂ ಇತ್ತು. ಮದುವೆಯಾಗಿ ಫ್ರಾನ್ಜಿಸ್ಕಾ ಮನೆಗೆ ಬಂದ ಮೇಲೆ ಫ್ರಾನ್ಜ್ ಅವರ ಭಕ್ತಿ ಆಳವಾಯಿತು. ಹೊಲದ ಕೆಲಸದ ಜೊತೆ ಊರ ಚರ್ಚಿನ ಸೇವೆಯನ್ನೂ ನೋಡಿಕೊಂಡರು. 1938ರ ಜನವರಿಯ ಒಂದು ರಾತ್ರಿ ಅವರಿಗೆ ಕನಸು ಬಿತ್ತು. ಬೆಟ್ಟವನ್ನು ಸುತ್ತಿ ಬರುವ ಚೆಂದದ ರೈಲು. ಮಕ್ಕಳು, ದೊಡ್ಡವರು ಎಲ್ಲರೂ ಅದರತ್ತ ಓಡುತ್ತಿದ್ದಾರೆ, ತಡೆದರೂ ನಿಲ್ಲುತ್ತಿಲ್ಲ. ಆ ರೈಲು ನರಕಕ್ಕೆ ಹೋಗುತ್ತದೆ ಎಂದು ಒಂದು ಧ್ವನಿ ಕೇಳಿತು. ಮಾರ್ಚಿನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಜರ್ಮನಿಯೊಂದಿಗೆ ಸೇರುವುದಕ್ಕೆ ಒಪ್ಪಿಗೆಯೇ ಎಂದು ಏಪ್ರಿಲಿನಲ್ಲಿ ಮತ ಹಾಕಿಸಿದಾಗ ಇಡೀ ಹಳ್ಳಿಯಲ್ಲಿ ಇಲ್ಲ ಎಂದವರು ಅವರೊಬ್ಬರೇ.

ಅನ್ಯಾಯದ ಯುದ್ಧಕ್ಕೆ ಹೋಗಲಾರೆ ಎಂಬ ತೀರ್ಮಾನ ಅವರಲ್ಲಿ ಒಂದೇ ದಿನಕ್ಕೆ ಗಟ್ಟಿಯಾಗಲಿಲ್ಲ. ಬೈಬಲ್ ಓದಿದರು, ಪ್ರಾರ್ಥಿಸಿದರು, ಗುರುಗಳನ್ನು ಕೇಳಿದರು, ಲಿನ್ಜ್ ಧರ್ಮಾಧ್ಯಕ್ಷರ ಬಳಿಗೂ ಹೋದರು. ಹೆಂಡತಿ ಮಕ್ಕಳ ಬಗ್ಗೆ ಯೋಚಿಸು, ಸರ್ಕಾರ ಮಾಡುವುದಕ್ಕೆ ನೀನು ಹೊಣೆಯಲ್ಲ ಎಂಬರ್ಥದ ಬುದ್ಧಿಮಾತೇ ಎಲ್ಲ ಕಡೆ ಸಿಕ್ಕಿತು. 1943ರಲ್ಲಿ ಕರೆ ಬಂದಾಗ ಹಿಟ್ಲರನಿಗಾಗಿ ಹೋರಾಡಲು ನಿರಾಕರಿಸಿದರು. ಗಾಯಾಳುಗಳ ಶುಶ್ರೂಷೆಗಾದರೆ ಸಿದ್ಧ ಎಂದರೂ ಸೇನಾ ನ್ಯಾಯಾಲಯ ಒಪ್ಪದೆ ಮರಣದಂಡನೆ ವಿಧಿಸಿತು. ಕೊನೆಯ ಘಳಿಗೆಯಲ್ಲಿ ಅವರನ್ನು ಕಂಡ ಜೈಲಿನ ಗುರುಗಳ ಸಾಕ್ಷ್ಯ ಉಳಿದಿದೆ. ಎದುರಿನ ಮೇಜಿನ ಮೇಲೆ ಒಂದು ಕಾಗದವಿತ್ತು. ಸಹಿ ಹಾಕಿದ್ದರೆ ಜೀವ ಉಳಿಯುತ್ತಿತ್ತು. ಅವರು ನಸುನಕ್ಕು ಅದನ್ನು ಪಕ್ಕಕ್ಕೆ ಸರಿಸಿದರು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗಿನಲ್ಲಿ ಅವರ ಶಿರಚ್ಛೇದವಾಯಿತು. ಮನೆಯಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳಿದ್ದರು.

ಈ ಕಥೆಯಲ್ಲಿ ನಾನು ಹೆಚ್ಚು ನೆನೆಯುವುದು ಫ್ರಾನ್ಜಿಸ್ಕಾ ಅವರನ್ನು. ಮೊದಲು ಬೇಡ ಎಂದು ಗಂಡನ ಮನ ಒಲಿಸಲು ನೋಡಿದರು. ಎಲ್ಲರೂ ಗಂಡನ ವಿರುದ್ಧ ನಿಂತದ್ದು ಕಂಡಾಗ ತಾನಾದರೂ ಜೊತೆಗಿರಬೇಕು ಎಂದು ನಿಂತರು. ಯುದ್ಧ ಮುಗಿದ ಮೇಲೂ ಊರವರ ಚುಚ್ಚುಮಾತು ತಪ್ಪಲಿಲ್ಲ, ಬೇರೆ ಯೋಧರ ವಿಧವೆಯರಿಗೆ ಸಿಕ್ಕ ಪಿಂಚಣಿ ವರ್ಷಗಟ್ಟಲೆ ಅವರಿಗೆ ಸಿಗಲಿಲ್ಲ. ಬರ್ಲಿನ್ ನ್ಯಾಯಾಲಯ ಆ ಮರಣದಂಡನೆಯನ್ನು ರದ್ದು ಮಾಡಿದ್ದು 1997ರಲ್ಲಿ. 2007ರ ಅಕ್ಟೋಬರ್ 26ರಂದು ಧರ್ಮಸಭೆ ಫ್ರಾನ್ಜ್ ಅವರನ್ನು ಧನ್ಯರೆಂದು ಸಾರಿದಾಗ ತೊಂಬತ್ತು ದಾಟಿದ ಆ ತಾಯಿ ಲಿನ್ಜ್‌ನ ಪ್ರಧಾನಾಲಯದಲ್ಲಿ ಇದ್ದರು. ಒಬ್ಬರ ಸ್ವಾತಂತ್ರ್ಯದ ಬೆಲೆಯನ್ನು ಮನೆಯವರೂ ತೆರುತ್ತಾರೆ. ಇದನ್ನು ಮುಚ್ಚಿಟ್ಟು ನಿನಗೆ ಧೈರ್ಯ ಹೇಳಲಾರೆ.

ಆದರೂ ಕೇಳುತ್ತೇನೆ: ಫ್ರಾನ್ಜ್ ಆ ಕಾಗದವನ್ನು ಪಕ್ಕಕ್ಕೆ ಸರಿಸಿದ ಕೋಣೆಯಲ್ಲಿ ಸ್ವತಂತ್ರರಾಗಿದ್ದವರು ಯಾರು? ಬೇಡಿ ತೊಡಿಸಿದವರೇ, ತೊಟ್ಟವರೇ? ಬೇಕಾದ್ದನ್ನು ಆರಿಸಿಕೊಳ್ಳುವುದನ್ನೇ ನಮ್ಮ ಕಾಲ ಸ್ವಾತಂತ್ರ್ಯ ಅನ್ನುತ್ತದೆ. ಒಳ್ಳೆಯದೆಂದು ಕಂಡದ್ದನ್ನು ಭಯ ಬಿಟ್ಟು ಮಾಡಬಲ್ಲ ಶಕ್ತಿಯನ್ನು ಕ್ರೈಸ್ತ ಪರಂಪರೆ ಸ್ವಾತಂತ್ರ್ಯ ಅಂದಿದೆ. ಪ್ರತಿ ಸುಳ್ಳು ಮುಂದಿನ ಸುಳ್ಳಿಗೆ ನಮ್ಮನ್ನು ಒತ್ತೆ ಇಡುತ್ತದೆ. ಇಂದು ಸಹಿ ಹಾಕಿದವಳಿಗೆ ನಾಳೆ ಇಲ್ಲ ಅನ್ನುವುದು ಇನ್ನಷ್ಟು ಕಷ್ಟ.

ಎರಡು ಎಚ್ಚರಿಕೆ ಹೇಳುತ್ತೇನೆ. ಲೋಕದ ಎಲ್ಲ ನೋವಿಗೂ ಮನುಷ್ಯನ ಸ್ವಾತಂತ್ರ್ಯವನ್ನೇ ಕಾರಣ ಮಾಡಬೇಡ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದು ಮನೆಮಠ ಕಳೆದುಕೊಂಡವರ ಮುಂದೆ ನಿಂತು ಇದು ಪಾಪದ ಫಲ ಅನ್ನುವ ಹಕ್ಕು ನಮಗಿಲ್ಲ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಜನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದು ಯೇಸುಸ್ವಾಮಿಯೇ ಹೇಳಿದರು. ಅಂಥ ಕಡೆ ವಾದ ಬೇಡ, ಬುತ್ತಿ ಹಿಡಿದು ಹೋಗು.

ಇನ್ನೊಂದು, ಸಹಿ ಹಾಕಿದವರನ್ನು ಕೀಳಾಗಿ ಕಾಣಬೇಡ. ಅವರ ಮನೆಯ ಸಾಲ, ಮಕ್ಕಳ ಫೀಸು ನಿನಗೆ ಗೊತ್ತಿಲ್ಲ. ಬಯಸಿದ ಒಳಿತನ್ನು ಮಾಡಲಾಗದ ಸಂಕಟವನ್ನು ಸಂತ ಪೌಲರೇ ರೋಮನರಿಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಮನಸ್ಸು ಗಟ್ಟಿಯಿದ್ದರೆ ಸಾಕು ಎಂದು ನಾವು ನಂಬುವುದಿಲ್ಲ, ದೇವರ ಕೃಪೆ ಬೇಕು. ಪೇತ್ರ ಯೇಸುಸ್ವಾಮಿ ಯಾರೋ ಗೊತ್ತಿಲ್ಲ ಎಂದು ಮೂರು ಸಲ ಅಂದವನು. ಪುನರುತ್ಥಾನದ ನಂತರ ಯೇಸುಸ್ವಾಮಿ ಅವನನ್ನು ಮೂರು ಸಲ ಪ್ರೀತಿಸುತ್ತೀಯಾ ಎಂದು ಕೇಳಿ ಮಂದೆಯನ್ನು ಒಪ್ಪಿಸಿದರು. ಬಿದ್ದವನಿಗೆ ತಿರುಗಿ ಬರುವ ಸ್ವಾತಂತ್ರ್ಯ ಕೊನೆಯವರೆಗೂ ಇದೆ.

ಈಗ ನಿನ್ನ ಕೆಲಸಕ್ಕೆ ಬರೋಣ. ಸೋಮವಾರ ಕೂಗಾಡಬೇಡ, ಯಾರನ್ನೂ ಕಳ್ಳ ಅನ್ನಬೇಡ. ಎಷ್ಟು ವಾಲ್ವ್ ಪರೀಕ್ಷಿಸಿದ್ದೀರೋ ಅಷ್ಟಕ್ಕೇ ರಿಪೋರ್ಟ್ ಬರೆದು ಸಹಿ ಹಾಕು. ಉಳಿದದ್ದನ್ನು ಪರೀಕ್ಷಿಸಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕವನ್ನೂ ಜೊತೆಗಿಟ್ಟು ಮೇಲಿನವರಿಗೆ ಈಮೇಲ್ ಕಳಿಸು. ಆ ಲಾಟಿಗೆ ತಡವಾಗಿ ಕೂತು ದುಡಿಯಲು ನೀನೇ ಮೊದಲು ಮುಂದೆ ಬಾ. ಕೆಲಸ ಹೋದರೆ ಹೊಸ ಕೆಲಸ ಸಿಗುವವರೆಗೆ ನಮ್ಮ ಮನೆಯಲ್ಲಿರು. ನಿನ್ನ ದೊಡ್ಡಮ್ಮನೂ ಇದಕ್ಕೆ ಒಪ್ಪಿದ್ದಾಳೆ. ಅಪ್ಪನಿಗೆ ನಾನೇ ಹೇಳುತ್ತೇನೆ. ಬೆಲೆ ತೆರಬೇಕಾಗಿ ಬಂದರೆ ನೀನೊಬ್ಬಳೇ ತೆರಬೇಕಾಗಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ