ಗೆದ್ದವರ ಮಾತು, ನೆಲದ ಮಾತು

ಕ್ರಿ. ಶ. 1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕದನದಲ್ಲಿ ಹೆರಾಲ್ಡನನ್ನು ಸೋಲಿಸಿ ಇಂಗ್ಲೆಂಡಿನ ಅರಸನಾದನು. ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಭಾಷೆ ನೆಲಸಿತು. ಒಕ್ಕಲುಮಕ್ಕಳು ಮಾತ್ರ ಇಂಗ್ಲಿಷನ್ನು ಬಿಡಲಿಲ್ಲ. ಕುರುಬನ 'ಶೀಪ್' ಒಡೆಯನ ಊಟದಲ್ಲಿ 'ಮಟನ್' ಆಯಿತು. 'ಜಡ್ಜ್', 'ಕೋರ್ಟ್' ಎಂಬ ಮಾತುಗಳೂ ಹೀಗೆಯೇ ಬಂದವು.

ಇಂಥ ಗುರುತು ನಮ್ಮಲ್ಲಿಯೂ ಉಂಟು. ಬಹಮನಿ ಮಂತ್ರಿ ಮಹಮೂದ್ ಗವಾನನು ಬೆಳಗಾವಿಯ ಕೋಟೆಯನ್ನು ಗೆದ್ದನು. ಬಹಮನಿ, ಆದಿಲಶಾಹಿ ಆಳಿಕೆಗಳಲ್ಲಿ ಪಾರಸಿ, ಅರಬ್ಬಿ ಮಾತುಗಳು ಈ ನಾಡಿನ ಆಡಳಿತವನ್ನು ಹೊಕ್ಕವು. ಕುಲಗೋಡದ ಒಕ್ಕಲಿಗನ ನೇಗಿಲು, ಕಾಳು, ಕಣ ಕನ್ನಡವಾಗಿಯೇ ಉಳಿದವು. ಆದರೆ ಕಾಗದಪತ್ರದಲ್ಲಿ ಅವನ ಹೊಲವು 'ಜಮೀನು' ಆಯಿತು, ಬಿನ್ನಹವು 'ಅರ್ಜಿ'ಯಾಯಿತು, ಕೊನೆಗೆ ಒಕ್ಕಲಿಗನೇ 'ರೈತ'ನಾದನು. ಇಂದು ಆ ಮಾತುಗಳನ್ನು ಯಾರೂ ಹೊರಗಿನವೆಂದು ಎಣಿಸರು. ಅರಸೊತ್ತಿಗೆಗಳು ಅಳಿದವು, ಅವು ತಂದ ಮಾತುಗಳು ಕನ್ನಡದವೇ ಆಗಿ ಉಳಿದವು.